ತುರ್ತು: 'ಪ್ರೈಮರಿ', 'ಮಿಡ್‌ಟರ್ಮ್' – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅಮೆರಿಕದ 2010ರ ಮಿಡ್‌ಟರ್ಮ್ ಚುನಾವಣೆ ಕುರಿತ ಲೇಖನವೊಂದರ ಅನುವಾದ, ಸಂಜೆ ಐದಕ್ಕೆ ಪುಟ ಹೋಗಬೇಕು. ಡೆಲವೇರ್ ರಾಜ್ಯದ ಮಾಜಿ ಗವರ್ನರ್ ಮೈಕ್ ಕ್ಯಾಸಲ್ ಸೆನೆಟ್ (ಮೇಲ್ಮನೆ) ಸೀಟಿಗಾಗಿ ತಮ್ಮದೇ ರಿಪಬ್ಲಿಕನ್ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ), ಸರ್ಕಾರದ ಖರ್ಚು, ತೆರಿಗೆ ವಿರೋಧಿಸುವ ಟೀ ಪಾರ್ಟಿ ಬಣದ ಬೆಂಬಲದ ಕ್ರಿಸ್ಟೀನ್ ಓಡಾನೆಲ್ ಎದುರು ಸೋತರು. ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಆಕೆಯೂ ಸೋತರು. 'ಪ್ರಾಥಮಿಕ ಚುನಾವಣೆ' ಅಂದರೆ ಶಾಲೆ ನೆನಪಾಗುತ್ತೆ, 'ಮಧ್ಯಂತರ' ಅಂದರೆ ಸರ್ಕಾರ ಬಿದ್ದ ಹಾಗೆ. ಏನು ಬರೆಯಲಿ?

*

'ಮಧ್ಯಂತರ' ರೂಪವೇ ಅಶುದ್ಧ. ಮಧ್ಯ, ಅಂತರ ಸೇರಿದರೆ ಸವರ್ಣದೀರ್ಘ ಬೇಡವೇ? ಪತ್ರಿಕೆಯವರು ದೀರ್ಘ ನುಂಗಿ ದಶಕಗಳಾದವು.

*

ಮೇಷ್ಟ್ರೇ, ದೀರ್ಘ ಕೊಟ್ಟರೂ ಅರ್ಥ ತಪ್ಪೇ. ಇಂದಿರಾ ಲೋಕಸಭೆ ವಿಸರ್ಜಿಸಿ 1971ರಲ್ಲಿ, ಹೆಗಡೆಯವರು ವಿಧಾನಸಭೆ ವಿಸರ್ಜಿಸಿ 1985ರಲ್ಲಿ ಚುನಾವಣೆಗೆ ಹೋದದ್ದು ನಮ್ಮ ಮಧ್ಯಂತರ. ಅಮೆರಿಕದಲ್ಲಿ ಏನೂ ಬೀಳಲ್ಲ. ಅಧ್ಯಕ್ಷರ ನಾಲ್ಕು ವರ್ಷದ ನಡುವೆ, ಗೊತ್ತಾದ ದಿನಕ್ಕೆ, ಕೆಳಮನೆಯ 435 ಸೀಟಿಗೂ ಸೆನೆಟ್‌ನ ಮೂರನೇ ಒಂದು ಪಾಲಿಗೂ ಮತದಾನ. 'ನಡು ಅವಧಿ ಚುನಾವಣೆ' ಅನ್ನಿ.

*

'ಚುನಾವಣೆ'ಯೇ ಹಿಂದಿ ಸಾಲ. ಮಿಡ್‌ಟರ್ಮ್‌ಗೆ ನಡುವಾಯ್ಕೆ, ಪ್ರೈಮರಿಗೆ ಒಳಾಯ್ಕೆ. ಮುಗೀತು.

*

ಒಳಾಯ್ಕೆ ಅಂದ್ರೆ ಬನಿಯನ್ ಅಂಗಡಿ ಅನ್ಕೋತಾರೆ.

*

ನಗಿ. 'ಒಳಜಗಳ', 'ಒಳಮೀಸಲಾತಿ' ಅಂದಾಗ ಯಾರಿಗೂ ಬನಿಯನ್ ನೆನಪಾಗಲಿಲ್ಲವಲ್ಲ. ಸಾಲದ ಪದ ಮಾತ್ರ ಗಂಭೀರ, ನಮ್ಮದು ತಮಾಷೆ. ಇದೇ ರೋಗ.

*

ರೋಗ ಅಲ್ಲ ಸ್ವಾಮಿ, ಪದ ವಸ್ತುವಿಗೆ ಹೊಂದಬೇಕು. ನಾನಿರೋದು ಅಮೆರಿಕದಲ್ಲೇ. ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೊಡುತ್ತೆ. ಇಲ್ಲಿ ಮತದಾರ ಕೊಡ್ತಾನೆ. ಡೆಲವೇರ್‌ನಲ್ಲಂತೂ ಆ ಪಕ್ಷದವರು ಅಂತ ನೋಂದಾಯಿಸಿಕೊಂಡವರಿಗೇ ಆ ಮತ. ಹಾಗಾಗಿ 'ಟಿಕೆಟ್ ಚುನಾವಣೆ'. ಟಿಕೆಟ್ ಕೈತಪ್ಪಿತು ಅನ್ನೋ ನೋವು ಗೊತ್ತಿಲ್ಲದ ಕನ್ನಡಿಗ ಯಾರಿದ್ದಾನೆ? ಒಂದು ಎಚ್ಚರಿಕೆ: ಅದೇ ವರ್ಷ ಯೂಟಾದ ಸೆನೆಟರ್ ಬಾಬ್ ಬೆನೆಟ್‌ಗೆ ಟಿಕೆಟ್ ತಪ್ಪಿದ್ದು ಪಕ್ಷದ ಸಮಾವೇಶದಲ್ಲಿ, ಪ್ರೈಮರಿಯಲ್ಲಲ್ಲ. ಲೇಖನದಲ್ಲಿ ಅವರಿದ್ದರೆ ಎರಡನ್ನೂ ಒಂದೇ ಪದಕ್ಕೆ ಕಟ್ಟಬೇಡಿ. 2008ರಲ್ಲಿ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್‌ನ ಮಸೂದೆಗೆ ಮತ ಹಾಕಿದ್ದರು ಅಂತ ಪಕ್ಷದವರಿಗೆ ಸಿಟ್ಟು. ಜಗಳ ದುಡ್ಡಿನದು, ಮಡಿ-ಮೈಲಿಗೆಯದಲ್ಲ. ಹಾಗಾಗಿ 'ಕನ್ಸರ್ವೇಟಿವ್' ಅಂತಿದ್ದರೆ ರಿಪಬ್ಲಿಕನ್ನರನ್ನ 'ಸಂಪ್ರದಾಯಸ್ಥ ಪಕ್ಷ' ಅಂತ ಮಾತ್ರ ಬರೀಬೇಡಿ.

*

'ಟಿಕೆಟ್' ಯಾವ ಊರಿನ ಕನ್ನಡ?

*

ಬಸ್ ಹತ್ತಿ ನೋಡಿ.

*

ಐದಾಯ್ತು. ಮೊದಲ ಸಲ 'ಪ್ರೈಮರಿ, ಅಂದರೆ ಟಿಕೆಟ್ ಚುನಾವಣೆ', ಆಮೇಲೆಲ್ಲ ಬರೀ ಪ್ರೈಮರಿ. 'ನಡು ಅವಧಿ' ಹಾಗೇ ಇಟ್ಟೆ. ಬೆನೆಟ್ ಪ್ಯಾರಾ ತಿದ್ದಿದೆ, ಅದಕ್ಕೆ ಕೃತಜ್ಞತೆ. ಮೇಷ್ಟ್ರೇ, ದೀರ್ಘ ಎಲ್ಲೂ ಬೇಕಾಗಲಿಲ್ಲ, ಕ್ಷಮಿಸಿ.