ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ ಭಾರತದಲ್ಲಿ ಅವರಿಗೆ ಯಾವ ಕಾನೂನಿನ ರಕ್ಷಣೆಯಿದೆ?

ಪ್ರಶ್ನೆ:
1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ, 1967ರ ಪ್ರೋಟೋಕಾಲ್‌ಗಾಗಲಿ ಭಾರತ ಸಹಿ ಹಾಕಿಲ್ಲ; ನಿರಾಶ್ರಿತರಿಗೆಂದೇ ರೂಪಿಸಿದ ಕಾಯ್ದೆಯೂ ನಮ್ಮಲ್ಲಿಲ್ಲ. ಆದರೂ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟಿಯನ್ನರು ದಶಕಗಳಿಂದ ನೆಮ್ಮದಿಯಾಗಿ ನೆಲೆಸಿದ್ದಾರೆ. ಹಾಗಾದರೆ ಜೀವಭಯದಿಂದ ಗಡಿ ದಾಟಿ ಬಂದವರನ್ನು ಮರಳಿ ಅಟ್ಟದಂತೆ ತಡೆಯುವ ಕಾನೂನು ಯಾವುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸಂವಿಧಾನವೇ ಮುಖ್ಯ ಆಧಾರ. 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ ಸೀಮಿತವಾದರೂ ಸಮಾನತೆಯ 14ನೇ ವಿಧಿ ಮತ್ತು ಜೀವ, ವೈಯಕ್ತಿಕ ಸ್ವಾತಂತ್ರ್ಯಗಳ 21ನೇ ವಿಧಿ ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಅನ್ವಯಿಸುತ್ತವೆ. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ಜನರಿಗೆ ರಾಜ್ಯ ಬಿಟ್ಟು ಹೋಗುವಂತೆ ವಿದ್ಯಾರ್ಥಿ ಸಂಘಟನೆಯೊಂದು ಗಡುವು ವಿಧಿಸಿದಾಗ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಅವರ ಪರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅವರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಾಪಾಡುವುದು ರಾಜ್ಯ ಸರ್ಕಾರದ ಹೊಣೆಯೆಂದು, ಅವರನ್ನು ಬಲವಂತವಾಗಿ ಹೊರಗಟ್ಟುವ ಯತ್ನಗಳನ್ನು ಅಗತ್ಯಬಿದ್ದರೆ ಅರೆಸೇನಾ ಪಡೆಗಳ ನೆರವಿನಿಂದಲೂ ತಡೆಯಬೇಕೆಂದು ನ್ಯಾಯಾಲಯ 1996ರಲ್ಲಿ ಆದೇಶಿಸಿತು.

ಉತ್ತರ 2:
ಮೇಲಿನ ಮಾತು ನಿಜ, ಆದರೆ ಅಷ್ಟನ್ನೇ ನಂಬಿ ಕೂರುವಂತಿಲ್ಲ. ಮ್ಯಾನ್ಮಾರ್‌ನಿಂದ ಓಡಿಬಂದು ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾ ಜನರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ, 21ನೇ ವಿಧಿ ವಿದೇಶಿಯರಿಗೂ ಉಂಟೆಂದು ಒಪ್ಪಿಕೊಂಡೇ, ಗಡೀಪಾರಾಗದಿರುವ ಹಕ್ಕು ನಾಗರಿಕರ ವಾಸದ ಹಕ್ಕಿಗೆ ಸೇರಿದ್ದೆಂದು ಹೇಳಿ, ನಿಗದಿತ ಕ್ರಮ ಪಾಲಿಸದೆ ಕಳಿಸಬಾರದೆಂದಷ್ಟೇ ನಿರ್ಬಂಧಿಸಿತು. ಮರುತಿಂಗಳೇ ಮಣಿಪುರ ಹೈಕೋರ್ಟ್, ಮ್ಯಾನ್ಮಾರ್‌ನಿಂದ ಓಡಿಬಂದ ಏಳು ಮಂದಿ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ರಕ್ಷಣೆ ಕೋರಲು ಅವಕಾಶ ಕೊಟ್ಟಿತು. ಅಪಾಯದ ಬಾಯಿಗೆ ಯಾರನ್ನೂ ಮರಳಿ ತಳ್ಳಬಾರದೆಂಬ ತತ್ವ 21ನೇ ವಿಧಿಯೊಳಗೇ ಇದೆಯೆಂದಿತು. ಇಷ್ಟು ಭಿನ್ನ ಫಲ ಕೊಡುವ ರಕ್ಷಣೆಯನ್ನು ಕೈಯಲ್ಲಿ ಮಗು ಹಿಡಿದು ಗಡಿ ದಾಟುವ ತಾಯಿ ಹೇಗೆ ನೆಚ್ಚಿಕೊಂಡಾಳು?

ಉತ್ತರ 3:
ಟಿಬೆಟಿಯನ್ನರ ವಿಷಯಕ್ಕೆ ಬರುತ್ತೇನೆ. ಅವರ ನೆಮ್ಮದಿಗೆ ಕಾರಣ ಕಾಯ್ದೆಯಲ್ಲ, ಸರ್ಕಾರದ ತೀರ್ಮಾನಗಳು. ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು, ಕೇಂದ್ರ ಸರ್ಕಾರ 2014ರಲ್ಲಿ ಪುನರ್ವಸತಿ ನೀತಿ ಪ್ರಕಟಿಸಿತು. ಅಲ್ಲಿನವರು ಇಂದಿಗೂ ಆರ್‌ಸಿ ಎಂದು ಕರೆಯುವ ನೋಂದಣಿ ಪತ್ರವನ್ನು ಅವಧಿ ಮುಗಿದಂತೆಲ್ಲ ನವೀಕರಿಸಿಕೊಳ್ಳಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ರಕ್ಷಾಪುಟದ ಗುರುತಿನ ಪುಸ್ತಕ ಪಡೆಯಬೇಕು. ಔದಾರ್ಯವಾಗಿ ಕೊಟ್ಟದ್ದನ್ನು ಹಕ್ಕೆಂದು ಕೇಳಲಾಗದು. ಅದೇ ಔದಾರ್ಯ ರೋಹಿಂಗ್ಯಾ ಜನರಿಗೆ ಸಿಗಲಿಲ್ಲ. ಬಂದವರು ಯಾರೇ ಆಗಿರಲಿ, ಅವರ ಅಹವಾಲನ್ನು ಒಂದೇ ಮಾನದಂಡದಿಂದ ವಿಚಾರಿಸುವ ಕಾಯ್ದೆ ಬೇಕೆಂಬುದು ನನ್ನ ದೃಢ ನಿಲುವು. ಅಂಥದೊಂದು ಖಾಸಗಿ ಮಸೂದೆಯನ್ನು ಶಶಿ ತರೂರ್ 2015ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ.