ಹ್ಯಾಟ್‌ಪಿನ್ನಿನ ಮೊನೆಗೆ ಒರೆ ಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು (ಯಾರ್ಕ್‌ಶೈರ್‌ನಿಂದ):
ನಮ್ಮ ಊರು ಶಿವಮೊಗ್ಗ ಕಡೆ. ಈಗ ಇರುವುದು ಇಂಗ್ಲೆಂಡಿನಲ್ಲಿ. ಇಲ್ಲಿನ ಹವ್ಯಾಸಿ ನಾಟಕ ತಂಡದಲ್ಲಿ ಉಡುಪಿನ ಜವಾಬ್ದಾರಿ ನನ್ನದು. ಈ ಸಲದ ನಾಟಕ 1910ರ ಕಾಲದ್ದು, ಹೆಂಗಸರು ಮತದ ಹಕ್ಕಿಗಾಗಿ ಬೀದಿಗಿಳಿದ ಕಥೆ. ಐದು ಜನರಿಗೆ ಅಗಲ ಅಂಚಿನ ಹ್ಯಾಟು. ಅದು ತಲೆ ಮೇಲೆ ನಿಲ್ಲಬೇಕಲ್ಲ, ಅದಕ್ಕೆ ಹಳೆ ಸಾಮಾನಿನ ಸಂತೆಯಲ್ಲಿ ಆರು ಹ್ಯಾಟ್‌ಪಿನ್ (ಹ್ಯಾಟನ್ನು ಕೂದಲಿಗೆ ಸಿಕ್ಕಿಸುವ ಉದ್ದ ಸೂಜಿ) ತಂದೆ. ಒಂದಂತೂ ಹತ್ತು ಇಂಚು, ನನ್ನ ಗೇಣಿಗಿಂತ ಉದ್ದ! ಮೊದಲ ರಿಹರ್ಸಲ್‌ನಲ್ಲೇ ಇಬ್ಬರು ತಬ್ಬಿಕೊಳ್ಳುವ ದೃಶ್ಯ ಬಂತು. ಒಬ್ಬರ ಪಿನ್ನಿನ ಮೊನೆ ಇನ್ನೊಬ್ಬರ ಕೆನ್ನೆ ಗೀರಿತು. ಕಣ್ಣಿಗೆ ಒಂದೇ ಬೆರಳಿನಷ್ಟು ದೂರ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೊನೆಗೆ ಏನು ಹಾಕಬೇಕು? ಬಸ್ಸಿನಲ್ಲಿ ಒಯ್ಯುವುದು ಹೇಗೆ? ಮನೆಯಲ್ಲಿ ಇಡುವುದು ಹೇಗೆ? ಪೆನ್ನಿನ ರೀಫಿಲ್ ಕತ್ತರಿಸಿ ಸಿಕ್ಕಿಸೋಣ ಅಂದುಕೊಂಡಿದ್ದೇನೆ, ನಡೆಯುತ್ತದಾ?

ಲೀಡ್ಸ್‌ನಿಂದ, ಹಳೆ ಪಿನ್ನುಗಳನ್ನು ಕೂಡಿಡುವವರು:
ಮೊದಲು ಆ ಹತ್ತು ಇಂಚಿನದನ್ನು ಪಕ್ಕಕ್ಕೆ ಇಡಿ. ಅದು ನಾಟಕಕ್ಕಲ್ಲ.

ಅಷ್ಟುದ್ದ ಯಾಕೆ ಮಾಡುತ್ತಿದ್ದರು ಅಂದರೆ, ಆಗ ತಲೆಕೂದಲೇ ಒಂದು ಬುಟ್ಟಿಯಷ್ಟು ಇರುತ್ತಿತ್ತು. ನಮ್ಮಲ್ಲಿ ಚೌರಿ ಇಟ್ಟು ಜಡೆ ಹೆಣೆದ ಹಾಗೆ ಅವರೂ ಒಳಗೆ ಕೂದಲಿನ ಉಂಡೆ ಇಟ್ಟು ಉಬ್ಬಿಸುತ್ತಿದ್ದರು. ಅದರ ಮೇಲೆ ತಟ್ಟೆಯಷ್ಟು ಅಗಲದ ಹ್ಯಾಟು. ಪಿನ್ನು ಒಂದು ಕಡೆ ಹೊಕ್ಕು, ಕೂದಲನ್ನು ಹಿಡಿದು, ಇನ್ನೊಂದು ಕಡೆ ಹೊರಬರಬೇಕು. ಹಾಗೆ ಹೊರಬಂದ ಮೊನೆಯೇ ಟ್ರಾಮಿನಲ್ಲಿ, ಲಿಫ್ಟಿನಲ್ಲಿ ಪಕ್ಕದವರ ಮುಖಕ್ಕೆ ಚುಚ್ಚುತ್ತಿತ್ತು. ಅಮೆರಿಕದ ಶಿಕಾಗೊ ನಗರ 1910ರಲ್ಲಿ ಕಾನೂನೇ ಮಾಡಿತು: ಹ್ಯಾಟಿನಿಂದ ಅರ್ಧ ಇಂಚಿಗಿಂತ ಜಾಸ್ತಿ ಮೊನೆ ಹೊರಗೆ ಬರಬಾರದು, ಬಂದರೆ 50 ಡಾಲರ್‌ವರೆಗೆ ದಂಡ. ಆಗಿನ 50 ಡಾಲರ್, ಲೆಕ್ಕ ಹಾಕಿಕೊಳ್ಳಿ. ನಿಮ್ಮ ನಾಟಕವೂ ಅದೇ ವರ್ಷದ್ದು ಅಲ್ವಾ, ಪಾತ್ರಧಾರಿಗಳಿಗೆ ಹೇಳಿ.

ಮೊನೆಗೆ ಹಾಕುವ ಚಿಕ್ಕ ಟೊಪ್ಪಿಗೆಗಳು ಮಾರುಕಟ್ಟೆಗೆ ಬಂದಿದ್ದೂ ಆ ಕಾಲದಲ್ಲೇ. ಹೆಚ್ಚಿನವು ಅವರೆಕಾಳಿನಷ್ಟು ಗಾತ್ರದ ಲೋಹದ ಗುಂಡುಗಳು. ಕೆಲವಕ್ಕೆ ಒಳಗೆ ಸ್ಪ್ರಿಂಗಿನ ಹಿಡಿತ, ಕೆಲವಕ್ಕೆ ತಿರುಪು. ಪಿನ್ನಿನ ತಲೆಗೂ ಮೊನೆಗೂ ಜೋಡಿ ವಿನ್ಯಾಸ ಇದ್ದವೂ ಸಿಗುತ್ತವೆ. ಹಳೇ ಟೊಪ್ಪಿಗೆ ಕೊಳ್ಳುವುದಾದರೆ ಸಿಕ್ಕಿಸಿ, ತಲೆಕೆಳಗು ಮಾಡಿ ಜಾಡಿಸಿ ನೋಡಿ. ಸ್ಪ್ರಿಂಗು ಸತ್ತಿದ್ದರೆ ಅಲ್ಲೇ ಉದುರುತ್ತದೆ. ನಾನು ಎರಡು ಸಲ ಹಾಗೆ ಮೋಸಹೋಗಿದ್ದೇನೆ.

ಇನ್ನೊಂದು ಮಾತು. ಯಾರ್ಕ್‌ಶೈರ್‌ನಲ್ಲೇ ಇದ್ದೀರಿ. ಪಿನ್ನಿನ ತಲೆ ಬೆಳ್ಳಿಯದಾಗಿದ್ದರೆ ಭೂತಗನ್ನಡಿ ಹಿಡಿದು ನೋಡಿ. ‘ಸಿ.ಎಚ್.’ ಅಂತ ಇಂಗ್ಲಿಷ್ ಅಕ್ಷರ, ಜೊತೆಗೆ ಬೆಳ್ಳಿ ಪರೀಕ್ಷಿಸಿ ಒತ್ತುತ್ತಿದ್ದ ಚೆಸ್ಟರ್ ಊರಿನ ಮುದ್ರೆ (ಮೂರು ಗೋಧಿ ಸಿವುಡು, ನಡುವೆ ಕತ್ತಿ) ಇದ್ದರೆ ಅದು ನಿಮ್ಮ ಯಾರ್ಕ್‌ಶೈರ್‌ನದೇ ಹ್ಯಾಲಿಫ್ಯಾಕ್ಸ್ ಊರಿನ ಚಾರ್ಲ್ಸ್ ಹಾರ್ನರ್ ಕಾರ್ಖಾನೆಯದು. ಅದನ್ನು ಕತ್ತರಿಸಬೇಡಿ, ಮೊನೆ ಅರದಿಂದ ಉಜ್ಜಬೇಡಿ. ರಂಗದ ಮೇಲೆ ಬೀಳಿಸಿ ತುಳಿಸಲೂ ಬೇಡಿ.

ಧಾರವಾಡದಿಂದ, ಟೇಲರ್:
ಹ್ಯಾಟು ನಾನು ಹೊಲಿದವಳಲ್ಲ. ಆದರೆ ಸೂಜಿ ನನಗೆ ಗೊತ್ತು ನೋಡ್ರಿ. ನಮ್ಮ ಅವ್ವ ಗೋಣಿಚೀಲ ಹೊಲಿಯುವ ದಬ್ಬಣವನ್ನು ಯಾವತ್ತೂ ಬರಿದಾಗಿ ಇಡುತ್ತಿರಲಿಲ್ಲ. ಮೊನೆಗೆ ಒಂದು ಬೆಂಡಿನ ತುಂಡು. ಬೆಂಡು ಮೊನೆಯನ್ನು ಕಚ್ಚಿ ಹಿಡಿಯುತ್ತದೆ. ಪ್ಲಾಸ್ಟಿಕ್ ಕೊಳವೆ ಜಾರುತ್ತದೆ. ನಿಮ್ಮಲ್ಲಿ ವೈನ್ ಬಾಟಲಿಯ ಬಿರಡೆಗೆ ಬರ ಇರಲಿಕ್ಕಿಲ್ಲ. ಅದನ್ನೇ ತೊಗೊಳ್ರಿ.

ಬೆಂಗಳೂರಿನಿಂದ, ಎಲೆಕ್ಟ್ರಿಕಲ್ ಕೆಲಸದವರು:
ರೀಫಿಲ್ ಬೇಡ ಮೇಡಂ. ಒಳಗಿನ ರಂಧ್ರ ದೊಡ್ಡದು, ನಿಲ್ಲುವುದಿಲ್ಲ. ಪಿನ್ನಿನ ಕಡ್ಡಿ ದಪ್ಪ ಒಂದು ಮಿಲಿಮೀಟರ್ ಆಸುಪಾಸು ಇರಬಹುದು, ಅಳೆದು ನೋಡಿ. ಮನೆಗೆ ಎಳೆಯುವ ವೈರು ಇರುತ್ತದಲ್ಲ, ಒಂದೇ ಗಟ್ಟಿ ತಂತಿಯದು, ಅದರ 1 ಚದರ ಮಿಲಿಮೀಟರಿನದು ಒಂದು ಗೇಣು ತೆಗೆದುಕೊಳ್ಳಿ. ತಾಮ್ರ ಎಳೆದು ತೆಗೆದರೆ ಉಳಿಯುವ ಪಿ.ವಿ.ಸಿ. ಕೊಳವೆಯ ರಂಧ್ರ 1.1 ಮಿ.ಮೀ. ಹತ್ತಿರ. ಬಿಗಿಯಾಗಿ ಕೂರುತ್ತದೆ. ಎರಡು ಇಂಚು ಕತ್ತರಿಸಿ, ತುದಿ ಸ್ವಲ್ಪ ಬಿಸಿ ಮಾಡಿ ಒತ್ತಿಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಕಪ್ಪು ವೈರು ತಗೊಂಡರೆ ಹ್ಯಾಟಿನ ಮೇಲೆ ಕಾಣುವುದೂ ಇಲ್ಲ. ಖರ್ಚು ಸೊನ್ನೆ.

ಕೇಳಿದವರು:
ಅಯ್ಯೋ, ನಿಮ್ಮ ಉತ್ತರ ಓದುವ ಮೊದಲೇ ರೀಫಿಲ್ ಹಾಕಿಬಿಟ್ಟೆ. ತೊಳೆದಿದ್ದೆ, ಒಣಗಿಸಿದ್ದೆ. ಆದರೂ ಒಳಗೆಲ್ಲೋ ಶಾಯಿ ಉಳಿದಿತ್ತು. ಬೂದು ಬಣ್ಣದ ಫೆಲ್ಟ್ ಹ್ಯಾಟಿನ ಮೇಲೆ ಈಗ ಮೂರು ನೀಲಿ ಚುಕ್ಕೆ. ಮೇಲೆ ಒಂದು ರಿಬ್ಬನ್ ಹೂವು ಹೊಲಿದು ಮುಚ್ಚಿದ್ದೇನೆ. ನಿರ್ದೇಶಕರು ‘ಹೂವು ಚೆನ್ನಾಗಿದೆ’ ಅಂದರು. ನಾನು ಸುಮ್ನಿದ್ದೆ.

ಬರ್ಮಿಂಗ್‌ಹ್ಯಾಮ್‌ನಿಂದ, ಹಳೆ ವಸ್ತುಗಳ ಸಂರಕ್ಷಣೆ ಕಲಿತವರು:
ವೈರಿನ ಕೊಳವೆ ನಾಟಕದ ದಿನಕ್ಕೆ ಪರವಾಗಿಲ್ಲ. ಆದರೆ ಅದರಲ್ಲೇ ತಿಂಗಳುಗಟ್ಟಲೆ ಬಿಡಬೇಡಿ. ಪಿ.ವಿ.ಸಿ. ಹಳತಾದಂತೆ ಅಂಟಂಟಾಗುತ್ತದೆ, ಆಮ್ಲವನ್ನೂ ಬಿಡುತ್ತದೆ. ಉಕ್ಕು ತುಕ್ಕು ಹಿಡಿಯಲು ಅಷ್ಟು ಸಾಕು. ರಬ್ಬರ್ ಇನ್ನೂ ಕೆಟ್ಟದ್ದು. ಅದರಲ್ಲಿ ಗಂಧಕ ಇರುತ್ತದೆ, ಬೆಳ್ಳಿ ತಲೆ ಇದ್ದರೆ ಕಪ್ಪಾಗುತ್ತದೆ. ಉಣ್ಣೆಯಲ್ಲೂ ಗಂಧಕ ಇದೆ, ಹಾಗಾಗಿ ಬೆಳ್ಳಿಯ ಪಿನ್ನನ್ನು ಉಣ್ಣೆಯ ಹ್ಯಾಟಿಗೇ ಚುಚ್ಚಿ ಕಪಾಟಿನಲ್ಲಿ ಇಡುವ ಅಭ್ಯಾಸವೂ ಬೇಡ.

ಇಡುವುದಕ್ಕೆ: ಒಣ ಬಟ್ಟೆಯಿಂದ ಒರೆಸಿ. ಕಡ್ಡಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ ಸವರಿ, ಮತ್ತೆ ಒರೆಸಿ. ಆಮ್ಲ ಇಲ್ಲದ ಟಿಶ್ಯೂ ಕಾಗದದಲ್ಲಿ ಸುತ್ತಿ ಉದ್ದ ಡಬ್ಬಿಯಲ್ಲಿ ಮಲಗಿಸಿ. ಮತ್ತೆ ಹ್ಯಾಟಿಗೆ ಹಾಕುವ ಮುಂಚೆ ಎಣ್ಣೆಯ ಜಿಡ್ಡು ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ನೀಲಿ ಚುಕ್ಕೆಯ ಪಕ್ಕ ಎಣ್ಣೆ ಚುಕ್ಕೆ. 🙂

ಲೀಡ್ಸ್‌ನವರು ಮತ್ತೆ:
ಡಬ್ಬಿಯಲ್ಲಿ ಮಲಗಿಸುವುದು ಸರಿ. ಆಗಿನವರು ಕನ್ನಡಿ ಮೇಜಿನ ಮೇಲೆ ಪಿಂಗಾಣಿಯ ಹೋಲ್ಡರ್‌ನಲ್ಲಿ ನಿಲ್ಲಿಸುತ್ತಿದ್ದರು. ನೋಡಲು ಸಕ್ಕರೆ ಉದುರಿಸುವ ಡಬ್ಬಿಯ ಹಾಗೇ ಇರುತ್ತದೆ, ಮೇಲೆ ರಂಧ್ರಗಳು. ಸಂತೆಯಲ್ಲಿ ಎರಡನ್ನೂ ಬೆರೆಸಿ ಮಾರುತ್ತಾರೆ. ಕೆಳಗೆ ಬಿರಡೆ ಹಾಕುವ ತೂತು ಇದ್ದರೆ ಸಾಮಾನ್ಯವಾಗಿ ಅದು ಸಕ್ಕರೆಯದು. ಮನೆಯಲ್ಲಿ ಮಕ್ಕಳಿದ್ದರೆ ಹೋಲ್ಡರ್ ಬೇಡವೇ ಬೇಡ.

ಮೈಸೂರಿನಿಂದ, ನಿವೃತ್ತ ಟೀಚರ್:
ಪಿನ್ನಿಗೆ ಒರೆ ಹುಡುಕುತ್ತಿದ್ದೀರಿ, ನಾವು ಒರೆ ತೆಗೆದೇ ಓಡಾಡಿದವರು! ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಬಳೆಗೆ ಯಾವಾಗಲೂ ಎರಡು ಪಿನ್ನು ನೇತಾಡುತ್ತಿದ್ದವು, ಸೀರೆ ಜಾರಿದರೆ ಇರಲಿ ಅಂತ. ರಶ್ಶಿನಲ್ಲಿ ಹಿಂದಿನವನು ಮೈಮೇಲೆ ಬೀಳಲು ಶುರು ಮಾಡಿದರೆ ಒಂದನ್ನು ಬಿಚ್ಚಿ ಬೆರಳ ಸಂದಿಯಲ್ಲಿ ಹಿಡಿಯುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ. ಮುಂದಿನ ಸ್ಟಾಪಿನಲ್ಲಿ ಅವನೇ ಇಳಿಯುತ್ತಿದ್ದ. ನಿಮ್ಮ ನಾಟಕದ ಹೆಂಗಸರೂ ಇದನ್ನೇ ಮಾಡಿರಬೇಕು, ಅಲ್ವಾ?

ಲೀಡ್ಸ್‌ನವರು:
ಮಾಡಿದ್ದಾರೆ ಮೇಡಂ! 1903ರ ಮೇ ತಿಂಗಳು, ನ್ಯೂಯಾರ್ಕ್. ಲಿಯೋಟಿ ಬ್ಲೇಕರ್ ಅಂತ ಕ್ಯಾನ್ಸಸ್‌ನಿಂದ ಬಂದ ಹುಡುಗಿ. ಐದನೇ ಅವೆನ್ಯೂದಲ್ಲಿ ಕುದುರೆ ಬಂಡಿ ಹತ್ತಿದ್ದಾಳೆ. ಪಕ್ಕದಲ್ಲಿ ಕೂತ ವಯಸ್ಸಾದ ಮನುಷ್ಯ ಬಂಡಿ ಕುಲುಕಿದಾಗೆಲ್ಲ ಹತ್ತಿರ ಹತ್ತಿರ ಸರಿದು, ಕೊನೆಗೆ ಬೆನ್ನ ಹಿಂದೆ ಕೈ ಹಾಕಿದ. ಈಕೆ ಹ್ಯಾಟ್‌ಪಿನ್ ತೆಗೆದು ಅವನ ತೋಳಿಗೆ ಚುಚ್ಚಿದಳು. ಅವನು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ನಿಮ್ಮ ಬಸ್ಸಿನ ಕಥೆಯೇ. ಪೇಪರಿನವರು ಇಂಥವರನ್ನು ಹೊಗಳಿದರು. ಅದಾಗಿ ಏಳೇ ವರ್ಷಕ್ಕೆ ಶಿಕಾಗೊದಲ್ಲಿ ದಂಡ ಬಂತು. ಮೊನೆ ನಿಜಕ್ಕೂ ಅಪಾಯವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಮೈಮೇಲೆ ಬೀಳುವವರಿಗೆ ಅಳತೆಪಟ್ಟಿ ಹಿಡಿದು ಯಾರೂ ಕಾನೂನು ಮಾಡಲಿಲ್ಲ ಅನ್ನುವುದು ನನಗೆ ಈಗಲೂ ಕಿರಿಕಿರಿ. ಇರಲಿ, ವಿಷಯಕ್ಕೆ ಬರೋಣ.

ಮ್ಯಾಂಚೆಸ್ಟರ್‌ನಿಂದ, ನರ್ಸ್:
ಕೆನ್ನೆ ಗೀರಿದವರು ಹೇಗಿದ್ದಾರೆ? ಹಳೆ ಪಿನ್ನು, ತುಕ್ಕೂ ಇರಬಹುದು. ಚುಚ್ಚಿದ ಜಾಗವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಟೆಟನಸ್ ಚುಚ್ಚುಮದ್ದು ಎಲ್ಲ ಆಗಿದೆಯಾ ಕೇಳಿ. ಇಲ್ಲ ಅಥವಾ ನೆನಪಿಲ್ಲ ಅಂದರೆ ವೈದ್ಯರನ್ನು ಕೇಳಲಿ. ಕಣ್ಣಿನ ಹತ್ತಿರ ಏನಾದರೂ ಆದರೆ ಒಂದು ಗಂಟೆಯೂ ಕಾಯಬಾರದು. ಇನ್ನೊಂದು: ಹಾಕಿಕೊಳ್ಳುವಾಗ ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಳ್ಳಬೇಡಿ. ಸೀರೆ ಉಡುವಾಗ ನಾವೆಲ್ಲ ಮಾಡುವ ತಪ್ಪು ಇದು. ಸ್ಕಾರ್ಫಿನ ಪಿನ್ನು ಹೀಗೆ ಬಾಯಲ್ಲಿ ಹಿಡಿದು, ನಕ್ಕಾಗಲೋ ಕೆಮ್ಮಿದಾಗಲೋ ಶ್ವಾಸನಾಳಕ್ಕೆ ಎಳೆದುಕೊಂಡವರ ಪ್ರಕರಣಗಳು ವೈದ್ಯರಿಗೆ ಚೆನ್ನಾಗಿ ಗೊತ್ತು.

ಮುಂಬೈಯಿಂದ, ಕನ್ನಡ ನಾಟಕಗಳಿಗೆ ಉಡುಪು ಮಾಡಿಕೊಟ್ಟವರು:
ಎಲ್ಲರೂ ಪಿನ್ನಿಗೆ ಒರೆ ಹಾಕುವ ಬಗ್ಗೆ ಹೇಳುತ್ತಿದ್ದೀರಿ. ರಂಗದಲ್ಲಿ ಅದು ನಡೆಯಲ್ಲ. ಯಾಕೆ ಅಂದರೆ ಪಿನ್ನು ಹ್ಯಾಟಿನ ಒಳಗೆ ಹೋಗಬೇಕಾದರೆ ಒರೆ ಬಿಚ್ಚಲೇಬೇಕು. ಹೊರಗೆ ಬಂದ ಮೇಲೆ ಮತ್ತೆ ಹಾಕಬೇಕು. ಪರದೆಯ ಹಿಂದೆ, ಕತ್ತಲಲ್ಲಿ, ನಲವತ್ತು ಸೆಕೆಂಡಿನಲ್ಲಿ ವೇಷ ಬದಲಾಯಿಸುವಾಗ ಅವರೆಕಾಳಿನಷ್ಟು ಗುಂಡು ಯಾರು ಹುಡುಕುತ್ತಾರೆ? ಮೊದಲ ದಿನ ಹಾಕುತ್ತಾರೆ, ಎರಡನೇ ದಿನ ಮರೆಯುತ್ತಾರೆ. ಒಂದು ನಾಟಕದಲ್ಲಿ ಜರಿ ಪೇಟಕ್ಕೆ ಹೀಗೇ ಪಿನ್ನು ಕೊಟ್ಟು, ಟೊಪ್ಪಿಗೆ ಕೈಗೆ ಕೊಟ್ಟು, ನಾನೇ ಕಲಿತ ಪಾಠ. ರಾಜನ ಪಾತ್ರದವರ ಕಿವಿಯಿಂದ ರಕ್ತ.

ಅದಕ್ಕೇ ಒರೆಯನ್ನು ಹ್ಯಾಟಿಗೆ ಹೊಲಿದುಬಿಡಿ. ಧಾರವಾಡದ ಅಕ್ಕ ಹೇಳಿದ ಬೆಂಡೇ ಸಾಕು. ವೈನ್ ಬಿರಡೆಯನ್ನು ಉದ್ದಕ್ಕೆ ಎರಡು ಸೀಳು ಮಾಡಿ. ಒಂದು ಸೀಳನ್ನು ತೆಳು ಕ್ಯಾನ್ವಾಸ್ ಬಟ್ಟೆಯಲ್ಲಿ ಸುತ್ತಿ, ಚಪ್ಪಟೆ ಮೈಯನ್ನು ಹ್ಯಾಟಿನ ನೆತ್ತಿಯ ಒಳಗೋಡೆಗೆ ಹೊಲಿಯಿರಿ, ಪಿನ್ನು ಹೊರಬರುವ ಬದಿಯಲ್ಲಿ. ಆ ಕಾಲದ ಹ್ಯಾಟಿನ ನೆತ್ತಿ ದೊಡ್ಡದು, ಒಳಗೆ ಜಾಗ ಇರುತ್ತದೆ, ತಲೆಗೆ ಒತ್ತುವುದಿಲ್ಲ. ಈಗ ಪಿನ್ನು ಎಡದಿಂದ ಹೊಕ್ಕು, ತುರುಬಿನ ಕೂದಲು ಹಿಡಿದು, ಬಲಗಡೆ ಬೆಂಡಿನೊಳಗೆ ನಿಲ್ಲುತ್ತದೆ. ಮೊನೆ ಹೊರಗೆ ಬರುವುದೇ ಇಲ್ಲ. ಇನ್ನೊಂದು ಸೀಳನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ, ಪಿನ್ನು ಚುಚ್ಚಿಡಲು.

ಪಿನ್ನಿನ ಉದ್ದ ಸರಿ ಇರಬೇಕು, ಅದೇ ಮುಖ್ಯ. ಹ್ಯಾಟು ತಲೆ ಮೇಲಿಟ್ಟು, ಪಿನ್ನು ಹೊಕ್ಕುವ ಜಾಗದಿಂದ ಬೆಂಡಿನವರೆಗೆ ನೂಲಿನಲ್ಲಿ ಅಳೆಯಿರಿ. ಅದಕ್ಕೆ ಕಾಲು ಇಂಚು ಸೇರಿಸಿ. ಅಷ್ಟೇ ಉದ್ದದ ಹೊಸ ಪಿನ್ನು ಕೊಂಡುಕೊಳ್ಳಿ. ಹಳೆಯದು ಆಡಿಸುವುದಕ್ಕಲ್ಲ. ಒಬ್ಬೊಬ್ಬರ ತಲೆ ಒಂದೊಂದು ಅಳತೆ, ಪಿನ್ನಿನ ತಲೆಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಗಿಡ್ಡ ಕೂದಲಿನವರಿಗೆ ಪಿನ್ನು ಹಿಡಿಯುವುದೇ ಇಲ್ಲ, ಅವರಿಗೆ ಎಲಾಸ್ಟಿಕ್ ಹಾಕಿ.

ಧಾರವಾಡದಿಂದ:
ಮೊನೆಯನ್ನು ಒಣ ಸೋಪಿನ ಬಿಲ್ಲೆಗೆ ಒಮ್ಮೆ ಚುಚ್ಚಿ ತೆಗೀರಿ. ಬೆಂಡಿನೊಳಗೆ ಸಲೀಸಾಗಿ ಹೋಗುತ್ತದೆ.

ಲಂಡನ್ನಿನಿಂದ:
ಬಸ್ಸಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಇಂಗ್ಲೆಂಡಿನಲ್ಲಿ 1988ರ ಕಾನೂನಿನ ಪ್ರಕಾರ ಚೂಪು ಮೊನೆಯ ವಸ್ತುವನ್ನು ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಇಟ್ಟುಕೊಳ್ಳುವಂತಿಲ್ಲ. ಚಿಕ್ಕ ಮಡಚುವ ಚಾಕುವಿಗೆ ಮಾತ್ರ ವಿನಾಯಿತಿ. ನಾಟಕದ ಸಾಮಾನು ಅನ್ನುವುದು ಕಾರಣವೇ, ಹೆದರಬೇಡಿ. ಆದರೆ ಕೋಟಿನ ಜೇಬಿನಲ್ಲಿ ಬರಿ ಪಿನ್ನು ಇಟ್ಟುಕೊಂಡು ತಿರುಗಬೇಡಿ. ಮುಚ್ಚಿದ ಡಬ್ಬಿ, ಡಬ್ಬಿ ಚೀಲದಲ್ಲಿ, ಜೊತೆಗೆ ಹ್ಯಾಟು. ನೋಡಿದವರಿಗೆ ತಾನಾಗೇ ಅರ್ಥವಾಗುತ್ತದೆ. ಊರಿಗೆ ಹೋಗುವಾಗ ಆ ಹತ್ತು ಇಂಚಿನದನ್ನು ಅಮ್ಮನಿಗೆ ತೋರಿಸಲು ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿಗೆ, ಮೊನೆ ಸುತ್ತಿ.

ಕೇಳಿದವರು, ಮೂರು ವಾರದ ನಂತರ:
ಹೇಳದೆ ಮಾಯವಾದೆ, ಕ್ಷಮಿಸಿ. ನಾಲ್ಕು ಪ್ರದರ್ಶನ ಮುಗಿಯಿತು.

ಮುಂಬೈನವರು ಹೇಳಿದ ಹಾಗೆ ಬೆಂಡು ಹೊಲಿದೆ. ಮೊದಲ ಹ್ಯಾಟಿಗೆ ಒಂದೂವರೆ ಗಂಟೆ ಹಿಡಿಯಿತು, ಕೊನೆಯದಕ್ಕೆ ಇಪ್ಪತ್ತೇ ನಿಮಿಷ. ಬಿರಡೆ ಸೀಳುವಾಗ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಪುಡಿಯಾಗುವುದಿಲ್ಲ, ಇದು ನಾನೇ ಕಂಡುಕೊಂಡಿದ್ದು. ಮಾತ್ರ ಪೂರ್ತಿ ಒಣಗಿಸಿ ಹೊಲಿಯಿರಿ. ನಾಲ್ಕು ಜನರಿಗೆ ಸರಿಹೋಯಿತು. ಐದನೆಯವರದು ಗಿಡ್ಡ ಕೂದಲು, ಎಲಾಸ್ಟಿಕ್ ಹಾಕಿ, ಸುಮ್ನೆ ಕಾಣಲಿ ಅಂತ ಎರಡು ಇಂಚಿನ ಪಿನ್ನು ಸಿಕ್ಕಿಸಿದೆ. ಅದರ ಮೊನೆಗೆ ಕಿವಿಯೋಲೆಯ ಹಿಂದೆ ಹಾಕುವ ಸಿಲಿಕಾನ್ ತುಂಡು. ಅದು ಎರಡನೇ ಪ್ರದರ್ಶನದಲ್ಲೇ ಕಳೆದುಹೋಯಿತು! ಮುಂಬೈನವರು ನಗಬಹುದು. ಅದಕ್ಕೂ ಬೆಂಡು ಹಾಕಿದೆ.

ಕೆನ್ನೆ ಗೀರಿದವರು ಆರಾಮ ಇದ್ದಾರೆ, ಚುಚ್ಚುಮದ್ದು ಆಗಿತ್ತು. ತಬ್ಬಿಕೊಳ್ಳುವಾಗ ಮೊದಲ ಎರಡು ದಿನ ತಲೆ ಓರೆ ಮಾಡುತ್ತಿದ್ದರು, ಮೂರನೇ ದಿನ ಮರೆತರು. ಬಸ್ಸಿನಲ್ಲಿ ಡಬ್ಬಿ ಯಾರೂ ಕೇಳಲಿಲ್ಲ. ಹ್ಯಾಟನ್ನು ಮಾತ್ರ ಎಲ್ಲರೂ ಕೇಳಿದರು.

ಭೂತಗನ್ನಡಿ ಹಿಡಿದು ಆರನ್ನೂ ನೋಡಿದೆ. ‘ಸಿ.ಎಚ್.’ ಎಲ್ಲೂ ಇಲ್ಲ, ಬೆಳ್ಳಿಯೂ ಅಲ್ಲ. ಹತ್ತು ಇಂಚಿನದರ ತಲೆ ಬರೀ ಗಾಜು. ಆದರೂ ಎಣ್ಣೆ ಸವರಿ, ಟಿಶ್ಯೂ ಕಾಗದ ಸುತ್ತಿ, ಮೊನೆಗೆ ಬೆಂಡಿನ ಇನ್ನೊಂದು ಸೀಳು ಚುಚ್ಚಿ ಇಟ್ಟಿದ್ದೇನೆ. ಮೈಸೂರಿನ ಮೇಡಂ, ಊರಿಗೆ ಬಂದಾಗ ನಿಮಗೂ ತೋರಿಸುತ್ತೇನೆ. ಬಳೆಗೆ ಮಾತ್ರ ನೇತುಹಾಕಲು ಆಗುವುದಿಲ್ಲ.