ಎಂಟು ತಿಂಗಳಿಂದ ಕಾಲು ಕದಲಿಸದೆ ನಿಂತಿದ್ದೇನೆ. ನೀವೆಲ್ಲ ಯಾಕೆ ಬಿಡಲಿಲ್ಲ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವಿಂಗ್ ಚುನ್ ಅನ್ನುವ ಚೀನೀ ಕುಂಗ್ ಫು ಶೈಲಿ ಕಲಿಯಲು ಸೇರಿ ಎಂಟು ತಿಂಗಳಾಯಿತು. ಒಂದು ರಾತ್ರಿ ರಸ್ತೆಯಲ್ಲಿ ಯಾರೋ ನನ್ನ ಕೈ ಹಿಡಿದು ಎಳೆದ. ಕೂಗಲೂ ಆಗಲಿಲ್ಲ, ಕಲ್ಲಾಗಿ ನಿಂತುಬಿಟ್ಟೆ. ಆ ಭಯಕ್ಕೇ ಸೇರಿದ್ದು. ಆದರೆ ಇವತ್ತಿಗೂ ಜಾಸ್ತಿ ಹೊತ್ತು ಸಿಯು ನಿಮ್ ಟಾವ್ ಒಂದೇ, ಅಂದರೆ ಅದರಲ್ಲಿ ಮೊದಲು ಕಲಿಸುವ ಚಲನೆಗಳ ಕ್ರಮ. ಪಾದ ಅಲ್ಲಾಡಿಸದೆ ನಿಂತು, ಮೊದಲ ಭಾಗ ಪೂರ್ತಿ ಕೈಯನ್ನು ಆಮೆಯ ಹಾಗೆ ಮುಂದೆ ತರುವುದು. ಜೊತೆಗೆ ಸೇರಿದ ಆರು ಜನರಲ್ಲಿ ನಾಲ್ವರು ಬಿಟ್ಟರು. ಭಯವೂ ಈಗ ಮೊದಲಿನಷ್ಟಿಲ್ಲ. ಇನ್ನು ಯಾಕೆ ಹೋಗಬೇಕು? ನೀವು ಯಾಕೆ ಶುರು ಮಾಡಿದಿರಿ, ಯಾಕೆ ಬಿಡಲಿಲ್ಲ?

ಉತ್ತರ 1:
ನಾನು ಸೇರಿದ್ದು ಹಾರಿ ಒದೆಯುವ ಆಸೆಗೆ, ಹದಿನಾಲ್ಕನೇ ವಯಸ್ಸಿನಲ್ಲಿ. ಮೊದಲು ಮಾಡಿಸಿದ್ದು ಮಾ ಬು, ಅಂದರೆ ಕುದುರೆ ಸವಾರನ ಹಾಗೆ ಮಂಡಿ ಬಗ್ಗಿಸಿ ನಿಲ್ಲುವುದು. ತೊಡೆ ನಡುಗಿ ಅಳು ಬರುತ್ತಿತ್ತು. ಪಕ್ಕದಲ್ಲಿ ಇನ್ನಿಬ್ಬರು ನಡುಗುತ್ತಾ ನಿಂತಿರುತ್ತಿದ್ದರು. ಎರಡು ವರ್ಷ ಆ ಗೆಳೆಯರಿಗಾಗಿಯೇ ಹೋದೆ. ಅದೂ ಒಳ್ಳೆಯ ಕಾರಣವೇ ಅಲ್ವಾ?

ಉತ್ತರ 2:
ಆ ರಾತ್ರಿ ಕಲ್ಲಾಗಿ ನಿಂತದ್ದು ನಿಮ್ಮ ತಪ್ಪಲ್ಲ. ಭಯ ಬಿದ್ದ ದೇಹ ಎಷ್ಟೋ ಸಲ ಹಾಗೇ ಮಾಡುತ್ತದೆ. ಇದನ್ನು ಮೊದಲು ಹೇಳಬೇಕು ಅನ್ನಿಸಿತು.

ನಾನು ಹನ್ನೊಂದು ವರ್ಷದಿಂದ ತೈ ಚಿ ಮಾಡುತ್ತಿದ್ದೇನೆ, ನಿಧಾನ ಚಲನೆಗಳ ಚೀನೀ ಸಮರಕಲೆ. ಶುರುವಾದದ್ದು ಸೊಂಟನೋವಿಗೆ. ಎಲ್ಲರೂ ಕಲಿಯಲಿ ಅಂತ 1956ರಲ್ಲಿ ಚೀನಾದಲ್ಲಿ ಚಿಕ್ಕದು ಮಾಡಿದ 24 ಚಲನೆಗಳ ಕ್ರಮ ಇದೆಯಲ್ಲ, ಅದು. ವರ್ಷದೊಳಗೆ ಪೂರ್ತಿ ಬಂತು, ನೋವೂ ಇಳಿಯಿತು. ಆಗ ನಿಮ್ಮ ಪ್ರಶ್ನೆಯೇ ನನಗೂ ಬಂತು. ನಾಲ್ಕು ತಿಂಗಳು ಹೋಗಲೇ ಇಲ್ಲ.

ವಾಪಸ್ ಹೋದ ಮೇಲೆ ಪುಶ್ ಹ್ಯಾಂಡ್ಸ್ ಮಾಡಿಸಿದರು. ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ತಳ್ಳುವುದು, ತಳ್ಳಿದ್ದಕ್ಕೆ ದಾರಿ ಬಿಡುವುದು. ನನ್ನೆದುರು ಎಪ್ಪತ್ತರ ಹತ್ತಿರದ ಒಬ್ಬ ಅಮ್ಮ. ಜೋರಾಗಿ ತಳ್ಳಿದೆ. ಅವರ ಸೊಂಟ ಚೂರು ತಿರುಗಿತು, ನಾನು ಮುಗ್ಗರಿಸಿದೆ. "ಹೆಗಲ ಮೇಲೆ ಏನೋ ಹೊತ್ತಿದ್ದೀರಿ, ಇಳಿಸಿ" ಅಂದರು. ನನ್ನ ಹೆಗಲು ಬಿಗಿಯಾಗಿದೆ ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಗಮನಿಸಿದರೆ ಫೋನಿನಲ್ಲಿ ಮಾತಾಡುವಾಗ, ಮಗನಿಗೆ ಲೆಕ್ಕ ಹೇಳಿಕೊಡುವಾಗ, ಯಾವಾಗಲೂ ಹೆಗಲು ಕಿವಿಯ ಹತ್ತಿರ. ಅದನ್ನು ಇಳಿಸಲು ಇನ್ನೂ ಹೋಗುತ್ತಿದ್ದೇನೆ. ಮಗನ ಮೇಲೆ ರೇಗುವುದೂ ಕಡಿಮೆಯಾಗಿದೆ.

ನಿಮ್ಮಲ್ಲೂ ಚಿ ಸಾವ್ ಇದೆ, ಕೈಗೆ ಕೈ ಅಂಟಿಸಿ ಮಾಡುವುದು. ನಿಧಾನದ ಭಾಗದಲ್ಲಿ ಮೊಣಕೈಯನ್ನು ಎದೆಯ ನಡುಗೆರೆಗೆ ತರುತ್ತೀರಲ್ಲ, ಅದು ಯಾಕೆ ಅಂತ ಅಲ್ಲಿ ತಿಳಿಯುತ್ತದೆ. ಅದನ್ನು ಮಾಡಿಸಿ ಅಂತ ನಿಮ್ಮ ಸಿಫು, ಅಂದರೆ ಗುರುಗಳನ್ನು ಕೇಳಿ ನೋಡಿ.

ಉತ್ತರ 3:
ನಿಜ. ಆದರೆ ಕೇಳಿದರೂ ಜೋಡಿ ಅಭ್ಯಾಸ ಮಾಡಿಸದಿದ್ದರೆ ಬೇರೆ ಕಡೆ ಸೇರಿ. ಕುಂಗ್ ಫು ಅಂದರೆ ದಿನಗಟ್ಟಲೆ ದುಡಿದು ಪಡೆದ ಪಳಗುವಿಕೆ. ಅಡುಗೆಗೂ ಆ ಮಾತು ಸಲ್ಲುತ್ತದೆ. ಸುಮ್ನೆ ದಿನ ಕಳೆದರೆ ಅದು ಬರುವುದಿಲ್ಲ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೇಳಿದೆ, ಒಪ್ಪಿದರು. ಹಿರಿಯ ಅಕ್ಕ ಒಬ್ಬರು ನನ್ನ ಮಣಿಕಟ್ಟು ಹಿಡಿದು ಎಳೆದರು. ಎದೆ ಹೊಡೆದುಕೊಂಡಿತು. ಆದರೆ ಬಲ ಮೊಣಕೈ ತಾನಾಗಿ ಒಳಗೆ ಬಂತು, ನಾನು ಯೋಚಿಸುವ ಮೊದಲೇ. ಎಡಗೈಗೆ ಇನ್ನೂ ಬರುತ್ತಿಲ್ಲ. ಗುರುವಾರ ಮತ್ತೆ ಮಾಡಿಸುತ್ತಾರಂತೆ.